ಜಾಲಿಹಟ್ಟಿಯ ಹೊಸ ಸುಣ್ಣ

ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಏಳುವ ವಾಸನೆ ಒಂದಿದೆ. ಬಿಸಿಯಾದ, ಒದ್ದೆಯಾದ, ಮೂಗಿನೊಳಗೆ ಸ್ವಲ್ಪ ಚುರುಕು ಮುಟ್ಟಿಸುವ ವಾಸನೆ. ನಾನು ಚಿಕ್ಕವಳಿದ್ದಾಗ ಹಿಂದೂಪುರದ ನಮ್ಮ ಮನೆಯ ಹಿತ್ತಲಲ್ಲಿ ಅದಕ್ಕೆಂದೇ ಒಂದು ಹಳೆಯ ಮಡಕೆ ಇತ್ತು. ಅಮ್ಮ ಅದರಲ್ಲಿ ಸುಣ್ಣದ ಕಲ್ಲು ಸುರಿದು, ನೀರು ಹೊಯ್ದು, "ದೂರ ನಿಂತ್ಕಳ್ರೇ, ಕಣ್ಣಿಗೆ ಹಾರ್ತದೆ" ಎಂದು ನಮ್ಮನ್ನು ಬಾವಿಕಟ್ಟೆಯ ತನಕ ಓಡಿಸುತ್ತಿದ್ದಳು. ಒಲೆಯಿಲ್ಲದೆ ಮಡಕೆ ಕೊತಕೊತ ಕುದಿಯುತ್ತಿತ್ತು. ಪಕ್ಕದ ಮಂಡಿಗಳ ಹುಣಿಸೆಹಣ್ಣಿನ ಹುಳಿವಾಸನೆ ವರ್ಷವಿಡೀ ನಮ್ಮ ಓಣಿಯಲ್ಲಿ ಇದ್ದೇ ಇರುತ್ತಿತ್ತು. ಆ ಒಂದು ದಿನ ಮಾತ್ರ ಸುಣ್ಣ ಅದನ್ನು ಗೆಲ್ಲುತ್ತಿತ್ತು. ಸುಣ್ಣದ ವಾಸನೆ ಬಂತೆಂದರೆ ಮನೆಗೆ ಯಾರೋ ಬರುತ್ತಾರೆ ಎಂದು ಅರ್ಥ. ಯಾರೋ ಬರುತ್ತಾರೆಂದರೆ ಒಬ್ಬಟ್ಟು ಇದೆ ಎಂದು ಅರ್ಥ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಕಂಬದೂರಿನಿಂದ ಬಹಳ ಒಳಗಿರುವ ಜಾಲಿಹಟ್ಟಿಯಲ್ಲಿ ಆಟೋದಿಂದ ಇಳಿಯುತ್ತಲೇ ಅದೇ ವಾಸನೆ ಮೂಗಿಗೆ ಬಡಿಯಿತು. ನಾನು ಕಣ್ಣು ಮುಚ್ಚಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡೆ.

"ಆಹಾ, ಶ್ರೀಲತಾ, ಸುಣ್ಣ ಕಣೇ!"

ಶ್ರೀಲತಾ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆಟೋದ ಪಕ್ಕದಲ್ಲೇ ನಿಂತುಬಿಟ್ಟಿದ್ದಳು. ಆಗ ನಾನೂ ಸರಿಯಾಗಿ ನೋಡಿದೆ. ಹಟ್ಟಿಯ ಮನೆಗಳೆಲ್ಲ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಗೋಡೆಗಳ ಬುಡಕ್ಕೆ ಕೆಂಪು ಪಟ್ಟೆ ಬೇರೆ ಎಳೆದಿದ್ದರು. ಪ್ರತಿ ಬಾಗಿಲ ಪಕ್ಕದಲ್ಲಿ ಅವಳು ಬಿಸಿಲಲ್ಲಿ ನಿಂತು ಬರೆದಿದ್ದ ಜನಗಣತಿಯ ನಂಬರುಗಳಲ್ಲಿ ಒಂದಾದರೂ ಉಳಿದಿರಲಿಲ್ಲ. ಆ ನಂಬರುಗಳನ್ನು ನೋಡಲು ಅವತ್ತು ಮಧ್ಯಾಹ್ನವೇ ಸೂಪರ್‌ವೈಸರ್ ಬರುವವರಿದ್ದರು.

ಶ್ರೀಲತಾ ನನ್ನ ತಂಗಿಯ ಮೊಮ್ಮಗಳು. ಅವಳ ಅಪ್ಪ ತಿರುಮಲೇಶನದು ಹಿಂದೂಪುರದಲ್ಲಿ ಹುಣಿಸೆಹಣ್ಣಿನ ಮಂಡಿ. ಹುಡುಗಿ ಬಿ.ಎಸ್ಸಿ. ಮುಗಿಸಿದ ಮೇಲೆ ಬ್ಯಾಂಕು, ರೈಲ್ವೆ, ಅಂಚೆ ಎಂದು ಬಗೆಬಗೆಯ ಪರೀಕ್ಷೆ ಬರೆದಳು. ಎಲ್ಲ ಕೆಲಸಗಳೂ ಅವಳ ತೀರಾ ಹತ್ತಿರ ಬಂದು, ಒಂದೆರಡು ಮಾರ್ಕಿನಲ್ಲಿ ಬೇರೆಯವರ ಮನೆಗೆ ಹೋದವು. "ಮಂಡೀಲಿ ಕೂತ್ಕಳಮ್ಮ, ನಿಂಗೇ ಅಂತ ಕಂಪ್ಯೂಟರ್ ಹಾಕಿಸ್ಕೊಡ್ತೀನಿ" ಎನ್ನುತ್ತಿದ್ದ ತಿರುಮಲೇಶ. ಅವನು ಪ್ರೀತಿಯಿಂದ ಹೇಳುತ್ತಿದ್ದ. ಪ್ರೀತಿಯಿಂದ ಹೇಳುತ್ತಿದ್ದುದರಿಂದಲೇ ಬೇಡ ಎನ್ನಲು ಅವಳಿಗೆ ಕಷ್ಟ.

ಹೀಗಿರುವಾಗ ಕಲ್ಯಾಣದುರ್ಗದಿಂದ ತಿರುಮಲೇಶನ ತಂಗಿ ಸುಜಾತಾ ಫೋನ್ ಮಾಡಿದಳು.

"ಅಣ್ಣಾ, ಜನಗಣತಿಗೆ ಮನೆ ಲೆಕ್ಕ ಬರ್ಕೊಳ್ಳೋಕೆ ಟೆಂಪರರಿ ಆಗಿ ಜನ ತಗೋತಾವ್ರೆ. ಟೀಚರ್‌ಗಳು ಸಾಲ್ತಾ ಇಲ್ವಂತೆ. ಕಂಬದೂರು ಕಡೆ ಹಟ್ಟಿಗಳಿಗೆ ಹೋಗಿ ಅಂದ್ರೆ ಎಲ್ರೂ ಕಾಲಿಗೆ ಮುಳ್ಳು ಚುಚ್ಚಿದೋರ ಥರ ಆಡ್ತಾವ್ರೆ. ಡಿಗ್ರಿ ಇದ್ದು, ಕನ್ನಡ ತೆಲುಗು ಎರಡೂ ಬಂದ್ರೆ ಸಾಕು. ನಮ್ಮ ಶ್ರೀಲತನ್ನ ಕಳ್ಸು."

"ಆ ಕಾಡ್ನಲ್ಲಿ ಒಬ್ಳೇ ಹೆಂಗಮ್ಮ ತಿರುಗ್ತಾಳೆ?" ಎಂದ ತಿರುಮಲೇಶ. ಸ್ವಲ್ಪ ಯೋಚಿಸಿ, "ದೊಡ್ಡಮ್ಮ ಜೊತೇಲಿ ಹೋದ್ರೆ ಸರಿ" ಎಂದು ತಾನೇ ತೀರ್ಮಾನಿಸಿದ.

ಆ ದೊಡ್ಡಮ್ಮ ನಾನು. ಅಲ್ಲೇ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ಬಿ.ಎ. ಮಾಡಿ, ಊರಿನ ಲೈಬ್ರರಿಯಲ್ಲಿ ಬೇರೆಯವರಿಗೆ ಪುಸ್ತಕ ತೆಗೆದುಕೊಟ್ಟು ಕೊಟ್ಟು ನಿವೃತ್ತಳಾದ ಮೇಲೆ, ಊರು ಬಿಟ್ಟು ಹೋಗುವುದಕ್ಕೆ ನನಗೂ ಒಂದು ಕಾರಣ ಬೇಕಾಗಿತ್ತು. ಮಾರನೆಯ ವಾರ ಬಸ್ಸು ರೊದ್ದಂ ದಾಟುವಷ್ಟರಲ್ಲಿ, ದಾರಿಗೆಂದು ಕಟ್ಟಿಕೊಂಡಿದ್ದ ಚಕ್ಕುಲಿಯನ್ನು ನಾವಿಬ್ಬರೂ ಮುಗಿಸಿದ್ದೆವು.

ಕಲ್ಯಾಣದುರ್ಗದಲ್ಲಿ ತರಬೇತಿ ಆಯಿತು. ಅದು ಮುಗಿದ ದಿನ ಶ್ರೀಲತಾ ಗುರುತಿನ ಚೀಟಿ ಹಾಕಿಕೊಂಡು ಸುಜಾತಾಳ ಮನೆಗೆ ಬಂದಳು. ನೀಲಿ ದಾರ, ಪ್ಲಾಸ್ಟಿಕ್ಕಿನೊಳಗೆ ಅವಳ ಫೋಟೋ, ಕೆಳಗೆ ಹೆಸರು. ಸರ್ಕಾರ ಅವಳ ಹೆಸರನ್ನು ಹಾಲ್ ಟಿಕೆಟ್ಟಿನ ಮೇಲಲ್ಲದೆ ಬೇರೆ ಕಡೆ ಅಚ್ಚು ಹಾಕಿದ್ದು ಅದೇ ಮೊದಲು. ಆ ಚೀಟಿ ಊಟಕ್ಕೆ ಕೂತಾಗಲೂ ಅವಳ ಕೊರಳಲ್ಲೇ ಇತ್ತು. "ಸಾರಿಗೆ ಅದ್ದೀಯಾ, ತೆಗೆಯೇ" ಎಂದು ಸುಜಾತಾ ನಕ್ಕಳು. ಶ್ರೀಲತಾ ಅದನ್ನು ಬೆನ್ನ ಹಿಂದಕ್ಕೆ ತಿರುಗಿಸಿಕೊಂಡಳೇ ಹೊರತು ತೆಗೆಯಲಿಲ್ಲ.

"ಅಜ್ಜಿ, ಇದು ಬರೀ ಒಂದು ತಿಂಗಳ ಕೆಲಸ ಅಲ್ಲ ಗೊತ್ತಾ?" ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. "ಇವಾಗ ಮನೆಗಳ ಲೆಕ್ಕ. ಫೆಬ್ರವರೀಲಿ ಜನರ ಲೆಕ್ಕ. ಇದರಲ್ಲಿ ಚೆನ್ನಾಗಿ ಮಾಡಿದೋರ್ನೇ ಅದಕ್ಕೂ ಕರೀತಾರಂತೆ. ಜಯಚಂದ್ರ ಸಾರ್ ಬರ್ಕೊಟ್ರೆ ಸಾಕು. ಆಗ ಅಪ್ಪನಿಗೆ ಮಂಡಿ ಬೇಡ ಅಂತ ಧೈರ್ಯವಾಗಿ ಹೇಳ್ಬಹುದು."

ಜಯಚಂದ್ರ ಎಂದರೆ ಅವಳ ಸೂಪರ್‌ವೈಸರ್. ನನಗೆ ಅವರ ಪರಿಚಯ ಫೋನಿನಲ್ಲಿ ಬರುವ ಧ್ವನಿಯಿಂದ ಮಾತ್ರ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಆ ದಪ್ಪ ದನಿ ಬರುತ್ತಿತ್ತು. "ಯಾರ ಮನೇಲೂ ಊಟ ಮಾಡಬೇಡಿ. ಡ್ಯೂಟಿ ಮೇಲೆ ಹೋದವರು ನೆಂಟರಲ್ಲ." "ಗೋಡೆ ಮೇಲೆ ನಂಬರ್ ಇಲ್ಲ ಅಂದ್ರೆ ನೀವು ಆ ಮನೇಗೆ ಹೋಗೇ ಇಲ್ಲ ಅಂತ ಲೆಕ್ಕ." ನಾನು ಆ ದನಿಗೆ ತಕ್ಕಂತೆ ಒಂದು ಮೀಸೆ, ಒಂದು ಹೊಟ್ಟೆ, ಒಂದು ಜೀಪು ಎಲ್ಲವನ್ನೂ ಕಲ್ಪಿಸಿಕೊಂಡಿದ್ದೆ. ಪಕ್ಕದ ಹಳ್ಳಿಯೊಂದರಲ್ಲಿ ಒಬ್ಬ ಹುಡುಗ ಚಹಾ ಅಂಗಡಿಯಲ್ಲಿ ಕೂತೇ ಎಲ್ಲ ಮನೆಗಳ ವಿವರ ತುಂಬಿಸಿದ್ದನಂತೆ. ಗೋಡೆಗಳ ಮೇಲೆ ನಂಬರೇ ಇರಲಿಲ್ಲ. ಜಯಚಂದ್ರ ಅಲ್ಲೇ ನಿಂತು ಅವನ ಕೊರಳಿನ ಚೀಟಿಯನ್ನು ವಾಪಸು ಇಸಿದುಕೊಂಡರಂತೆ. ಈ ಸುದ್ದಿ ಕೇಳಿದ ಮೇಲೆ ಶ್ರೀಲತಾ ಜಾಲಿಹಟ್ಟಿಯಲ್ಲಿ ಒಂದೊಂದು ನಂಬರನ್ನೂ ಎರಡೆರಡು ಸಲ ತಿದ್ದಿ ಬರೆದಿದ್ದಳು.

ಅಶೋಕ್ ಎಂಬ ಹುಡುಗನ ಆಟೋದಲ್ಲಿ ನಾವು ದಿನವೂ ಹೋಗುತ್ತಿದ್ದೆವು. ಶ್ರೀಲತಾ ಮನೆಯವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಫೋನಿನಲ್ಲಿದ್ದ ಪ್ರಶ್ನೆಗಳನ್ನು ಕೇಳುವಳು. ನನ್ನ ಕೆಲಸ ಕೊಡೆ ಹಿಡಿಯುವುದು. ಅವಳ ತಲೆಗಲ್ಲ, ಫೋನಿಗೆ. ಆ ಬಿಸಿಲಿನಲ್ಲಿ ಕೊಡೆಯಿಲ್ಲದಿದ್ದರೆ ಅಕ್ಷರವೇ ಕಾಣುತ್ತಿರಲಿಲ್ಲ.

"ಇಂಟರ್ನೆಟ್ ಐತಾ ಅಣ್ಣಾ?" ಎಂದು ಕೇಳಿದರೆ, ಕುರಿ ಕಾಯುವ ಓಬುಳಪತಿ ಬೇವಿನ ಮರದ ಕಡೆ ಕೈ ತೋರಿಸುತ್ತಿದ್ದ. "ಆ ಮರದ ಕೆಳಗೆ ಐತೆ ಮೇಡಂ. ಮನೆ ಒಳೀಕೆ ಬರಾಕಿಲ್ಲ. ಮರದ ಕೆಳಗಿಂದು ನಮ್ದೇ ಅಂತ ಬರ್ಕಳಾಕೆ ಆಯ್ತದಾ?"

"ಮನೇಲಿ ಮುಖ್ಯವಾಗಿ ಯಾವ ಧಾನ್ಯ ತಿಂತೀರ?"

"ಮುದ್ದೆ. ಅನ್ನಾನೂ ಒಂಚೂರು ಸೇರ್ಸಿ ಮೇಡಂ. ಡೆಲ್ಲೀಲಿ ನೋಡ್ದೋರು ಏನಂದ್ಕಂಡಾರು!"

ಓಬುಳಪತಿಯ ಹೆಂಡತಿ ನಾರಮ್ಮ ಆ ಹಟ್ಟಿಯ ನಿಜವಾದ ಯಜಮಾನಿ. ಮೊದಲ ದಿನ ಶ್ರೀಲತಾ ಸರ್ಕಾರ ಕೊಟ್ಟ ಕಪ್ಪು ಮಾರ್ಕರಿನಲ್ಲಿ ಬರೆಯಲು ಹೋದಾಗ, ತರಿತರಿಯಾದ ಮಣ್ಣುಗೋಡೆಯ ಮೇಲೆ ಅದು ಬೆಕ್ಕು ಪರಚಿದಂತೆ ಕಾಣುತ್ತಿತ್ತು. ನಾರಮ್ಮ ಒಳಗೆ ಹೋಗಿ, ತೆಂಗಿನ ಚಿಪ್ಪಿನಲ್ಲಿ ಜಾಜು ಕಲಸಿ ತಂದಳು. ಜಾಜು ಎಂದರೆ ಗೋಡೆಗೆ ಪಟ್ಟೆ ಎಳೆಯುವ ಕೆಮ್ಮಣ್ಣು. ಜೊತೆಗೆ ಈಚಲ ಕಡ್ಡಿ ಜಜ್ಜಿ ಮಾಡಿದ ಕುಂಚ. "ತಗಳಿ ಮೇಡಂ, ಇದ್ರಲ್ಲಿ ಬರೀರಿ. ನಮ್ಮ ಗೋಡೆಗೆ ನಮ್ಮ ಮಣ್ಣೇ ಹಿಡಿಯಾದು."

ದಿನವೂ ಮಧ್ಯಾಹ್ನ ನಾರಮ್ಮ ಊಟಕ್ಕೆ ಕರೆಯುತ್ತಿದ್ದಳು. ದಿನವೂ ಶ್ರೀಲತಾ, "ಬೇಡ ಅಕ್ಕಾ, ಸಾರ್ ಬೈತಾರೆ" ಎಂದು ಸುಜಾತಾ ಕಟ್ಟಿಕೊಟ್ಟ ಡಬ್ಬಿಯನ್ನು ಬೇವಿನ ಮರದ ಕೆಳಗೆ ಬಿಚ್ಚುತ್ತಿದ್ದಳು. ನಾರಮ್ಮನಿಗೆ ಬೇಸರವಾಗುತ್ತಿತ್ತು. ಆದರೂ ನಮಗೆ ಕೈ ತೊಳೆಯಲು ನೀರು ತಂದಿಡುವುದನ್ನು ಒಂದು ದಿನವೂ ಮರೆಯಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಜಯಚಂದ್ರರ ದನಿ ಬಂತು. ಗುರುವಾರ ಜಾಲಿಹಟ್ಟಿಗೆ ಬಂದು ನೋಡುತ್ತೇನೆ ಎಂದು. ಶ್ರೀಲತಾ ಬುಧವಾರ ಹೊರಡುವಾಗ ನಾರಮ್ಮನಿಗೆ ಹೇಳಿದಳು. "ಅಕ್ಕಾ, ನಾಳೆ ನಮ್ಮ ಸಾರ್ ಬರ್ತಾರೆ. ಎಲ್ಲರ ಮನೆ ಗೋಡೆ ನೋಡ್ತಾರೆ. ಅದು ಸರಿ ಇದ್ರೆ ನನ್ನ ಕೆಲಸ ಉಳಿಯುತ್ತೆ."

ಇಷ್ಟೇ ಹೇಳಿದ್ದು. ಹಿಂದೂಪುರದ ಹುಡುಗಿ. ಅವಳು ಹುಟ್ಟುವ ಹೊತ್ತಿಗೆ ನಮ್ಮ ಓಣಿಯ ಗೋಡೆಗಳಿಗೆಲ್ಲ ಡಬ್ಬಿಯ ಬಣ್ಣ ಬಂದಾಗಿತ್ತು. ದೊಡ್ಡವರೊಬ್ಬರು ಗೋಡೆ ನೋಡಲು ಬರುತ್ತಾರೆ ಎಂದರೆ ಹಟ್ಟಿಯ ಹೆಂಗಸರು ಏನು ಮಾಡುತ್ತಾರೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ತಿಳಿಯಬೇಕಾದವಳು ನಾನು, ಆಗಲೇ ಆಟೋ ಹತ್ತಿ ಕೂತಿದ್ದೆ.

ಗುರುವಾರ ಬೆಳಿಗ್ಗೆ ನಾರಮ್ಮ ಎದುರಿಗೆ ಓಡಿಬಂದಳು. ಮೊಣಕೈವರೆಗೂ ಸುಣ್ಣ, ಕೂದಲಲ್ಲಿ ಸುಣ್ಣ, ಮುಖದಲ್ಲಿ ಮದುವೆ ಮನೆಯ ಕಳೆ.

"ಹೆಂಗೈತೆ ಮೇಡಂ? ನಿನ್ನೆ ಸಂಜೆ ಒಂದು ಕೈ ಬಳಿದ್ವಿ. ಬೆಳಿಗ್ಗೆ ಎದ್ದು ಇನ್ನೊಂದು ಕೈ. ನನ್ ಗಂಡ ಕುರಿ ಬುಟ್ಟು ಏಣಿ ಹಿಡ್ಕಂಡವ್ನೆ ಅಂದ್ರೆ ನೀವೇ ಲೆಕ್ಕ ಹಾಕಿ. ನಿಮ್ ಸಾರು ಬಂದು ಗೋಡೆ ನೋಡ್ಲಿ, ಕಣ್ಣು ಕುಕ್ಕಬೇಕು!"

ಶ್ರೀಲತಾ ಗೋಡೆಗಳನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ, "ತುಂಬಾ ಚೆನ್ನಾಗೈತೆ ಅಕ್ಕಾ" ಎಂದಳು. ದನಿ ನಡುಗದ ಹಾಗೆ ನೋಡಿಕೊಂಡು ಹೇಳಿದಳು. ನನ್ನ ಮೊಮ್ಮಗಳು ಎಷ್ಟು ಒಳ್ಳೆಯವಳು ಎಂದು ನನಗೆ ಆ ಗಳಿಗೆಯಲ್ಲಿ ತಿಳಿದಷ್ಟು ಬೇರೆ ಯಾವಾಗಲೂ ತಿಳಿದಿರಲಿಲ್ಲ. ಹೇಳಿದವಳೇ ಬೇವಿನ ಮರದ ಹಿಂದಕ್ಕೆ ಹೋದಳು.

"ಸಿಗ್ನಲ್ ನೋಡಾಕೆ ಹೋದ್ರಾ?" ಎಂದಳು ನಾರಮ್ಮ.

"ಅಳೋದಕ್ಕೆ ಹೋಗಿದ್ದಾಳೆ ಕಣಮ್ಮ" ಎಂದೆ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಬಾಗಿಲ ಪಕ್ಕ ನಂಬರು ಬರೆದಿತ್ತಲ್ಲ ನಾರಮ್ಮ, ಅದೆಲ್ಲಿ?"

"ಓ, ಅದಾ! ಕೆಂಪಗೆ ಎದ್ದು ಕಾಣ್ತಿತ್ತು. ಅದರ ಮ್ಯಾಲೆ ಇನ್ನೊಂದು ಕೈ ದಪ್ಪಗೆ ಬಳಿದೆ ನೋಡಿ. ಇವಾಗ ಒಂಚೂರೂ..." ನಾರಮ್ಮ ಅಲ್ಲಿಗೆ ನಿಂತಳು. ಸುಣ್ಣದ ಕೈಯನ್ನು ಬಾಯಿಗೆ ತರಲು ಹೋಗಿ, ಅರ್ಧದಲ್ಲೇ ತಡೆದಳು. "ಅಯ್ಯೋ ದ್ಯಾವ್ರೇ. ನೋಡೋದು ಅದನ್ನಾ?"

"ಅದನ್ನೇ."

ಅವಳು ತಿರುಗಿ ಹಟ್ಟಿಗೆ ಕೇಳುವಂತೆ ಕೂಗಿದಳು. "ಯಾರ್ಲಾ ಹೇಳಿದ್ದು ನಂಬರಿನ ಮ್ಯಾಲೆ ಬಳೀರಿ ಅಂತ?"

"ನೀನೇ ಕಣಮ್ಮೀ!" ಎಂದು ಏಣಿಯ ಮೇಲಿಂದ ಓಬುಳಪತಿ ಕೂಗಿದ.

"ನಾನು ಹೇಳ್ದೆ ಅಂತ ನೀವು ಬಳಿಯಾದಾ? ಬುದ್ಧಿ ಎಲ್ಲಿ ಮೇಯಾಕೆ ಬುಟ್ಟಿದ್ರಿ?"

ಮುಂದಿನ ಗಳಿಗೆಗಳಲ್ಲಿ ಜಾಲಿಹಟ್ಟಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ನಂಬರುಗಳನ್ನು ಮತ್ತೆ ಬರೆದರಾಯಿತು ಎಂದು ನಾನೆಂದೆ. ಯಾವ ಮನೆಗೆ ಯಾವುದು ಎಂದು ಶ್ರೀಲತಾಳಿಗೆ ಬಾಯಿಪಾಠ. ಆದರೆ ಜಾಜನ್ನೆಲ್ಲ ಆ ಚೆಂದದ ಕೆಂಪು ಪಟ್ಟೆಗೇ ಸುರಿದುಬಿಟ್ಟಿದ್ದರು. ಚಿಪ್ಪಿನ ತಳದಲ್ಲಿ ಸ್ವಲ್ಪ ಅಂಟಿಕೊಂಡಿತ್ತು ಅಷ್ಟೆ. ಅಶೋಕನನ್ನು ಜಾಜು ತರಲು ಕಂಬದೂರಿಗೆ ಓಡಿಸಿದೆವು. ಅವನ ಆಟೋ ದೂಳಿನಲ್ಲಿ ಮರೆಯಾದ ಮೇಲೆ, ನಮ್ಮ ಊಟದ ಡಬ್ಬಿ ಅದರೊಳಗೇ ಹೋಯಿತು ಎಂದು ನನಗೆ ನೆನಪಾಯಿತು.

ಶ್ರೀಲತಾ ಮುಖ ತೊಳೆದುಕೊಂಡು ಬಂದು, ಇದ್ದಷ್ಟು ಜಾಜಿಗೆ ನೀರು ಸೇರಿಸಿ ಮೊದಲ ಗೋಡೆಯ ಮೇಲೆ ಕುಂಚ ಇಟ್ಟಳು. ಸುಣ್ಣ ಇನ್ನೂ ಹಸಿ. ಅಂಕಿ ಗೋಡೆಗೆ ತಾಗುತ್ತಲೇ ತೆಳ್ಳಗೆ ಹರಡಿ, ಕಾಲು ಬಂದಂತೆ ಕೆಳಕ್ಕೆ ಇಳಿಯಿತು.

"ಒಣಗಬೇಕು" ಎಂದಳು ಅವಳು ಸಣ್ಣ ದನಿಯಲ್ಲಿ. "ಅಷ್ಟರಲ್ಲಿ ಸಾರ್ ಬಂದ್ಬಿಡ್ತಾರೆ."

"ಒಣಗಿಸಾಣ ಬುಡಿ" ಎಂದು ನಾರಮ್ಮ ಒಳಗೆ ಹೋಗಿ ಮೊರ ತಂದಳು. ಬಾಗಿಲ ಪಕ್ಕ ನಿಂತು ಗೋಡೆಗೆ ಬಿರಬಿರನೆ ಗಾಳಿ ಹಾಕತೊಡಗಿದಳು. ಅದನ್ನು ನೋಡಿ ಎದುರುಮನೆಯವಳೂ ಮೊರ ತಂದಳು. ಸ್ವಲ್ಪ ಹೊತ್ತಿನಲ್ಲೇ ಹಟ್ಟಿಯ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು, ಜ್ವರ ಬಂದ ಮಕ್ಕಳಿಗೆ ಬೀಸುವ ಹಾಗೆ ಗೋಡೆಗಳಿಗೆ ಬೀಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನಾನೂ ಕೊಡೆ ಮಡಚಿಟ್ಟು, ಯಾರೋ ಕೊಟ್ಟ ರಟ್ಟಿನ ತುಂಡು ಹಿಡಿದು ಒಂದು ಗೋಡೆಯ ಮುಂದೆ ನಿಂತೆ.

ಅಶೋಕ್ ಜಾಜಿನ ಪೊಟ್ಟಣವನ್ನು ಬೈಕಿನವನೊಬ್ಬನ ಕೈಯಲ್ಲಿ ಕಳಿಸಿದ. ಆಟೋ ಚಕ್ರ ಪಂಕ್ಚರ್, ಹಾಕಿಸಿಕೊಂಡು ಬರುತ್ತೇನೆ ಎಂದು ಹೇಳಿಕಳಿಸಿದ್ದ. ಶ್ರೀಲತಾ ಒಣಗಿದ ಗೋಡೆಗಳಿಂದ ಶುರುಮಾಡಿದಳು. ನಾರಮ್ಮನಿಗೆ ಬರೀ ಅಂಕಿ ಬೋಳಾಗಿ ಕಂಡಿತೋ ಏನೋ, ಅವಳ ಹಿಂದೆಯೇ ಬಂದು ಒಂದೊಂದರ ಸುತ್ತಲೂ ಚುಕ್ಕೆ ಇಟ್ಟಳು. ಮತ್ತೊಬ್ಬಳು ಚುಕ್ಕೆಗೆ ಬಳ್ಳಿ ಸೇರಿಸಿದಳು. ಇನ್ನೊಬ್ಬಳು ತನ್ನ ಮನೆಯ ನಂಬರಿಗೆ ಅರಿಸಿನ ಕುಂಕುಮವನ್ನೂ ಇಟ್ಟಳು. ಓಬುಳಪತಿ ಒಂದು ಕುಂಚ ಹಿಡಿದು ಸಹಾಯಕ್ಕೆ ಬಂದವನು, ಯಾರೂ ನೋಡದ ಹೊತ್ತಿನಲ್ಲಿ ತನ್ನ ಮನೆಯ ಮೇಲೆ ದೊಡ್ಡದಾಗಿ ಒಂದು ಎಂದು ಬರೆದುಕೊಂಡ.

ಅವನ ಮನೆ ಒಂದನೆಯದಲ್ಲ. ನಿಯಮದಂತೆ ವಾಯವ್ಯ ಮೂಲೆಯಿಂದ ಎಣಿಸಿದಾಗ ಒಂದನೆಯ ನಂಬರು ತಿಪ್ಪೆಯ ಪಕ್ಕದಲ್ಲಿದ್ದ ಸಣ್ಣೀರಮ್ಮನ ಗುಡಿಸಲಿಗೆ ಬಂದಿತ್ತು. ಒಬ್ಬಳೇ ಇರುವ, ಬೆನ್ನು ಬಾಗಿದ ಮುದುಕಿ. ಅವತ್ತಿನಿಂದ ಓಬುಳಪತಿಗೆ ಒಳಗೊಳಗೇ ಕುದಿ. "ನಾನು ಹಟ್ಟಿ ಯಜಮಾನ ಕಣಮ್ಮ, ನಂದು ನಡುವಿನ ನಂಬರು ಅಂದ್ರೆ ಕುರಿಗಳೂ ನಗ್ತಾವೆ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದ.

ಅರ್ಧ ಮನೆಗಳಿಗೆ ನಂಬರು ಬಂದಿತ್ತು, ಅರ್ಧ ಇನ್ನೂ ಬೋಳಾಗಿದ್ದವು. ಆಗ ಹಟ್ಟಿಯ ಬಾಯಲ್ಲಿ ಒಂದು ಹಳೆಯ ಬೈಕು ಬಂದು ನಿಂತಿತು.

ಜೀಪಿಲ್ಲ, ಮೀಸೆಯಿಲ್ಲ, ಹೊಟ್ಟೆಯಂತೂ ಇಲ್ಲವೇ ಇಲ್ಲ. ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ತೆಳ್ಳನೆಯ ಮನುಷ್ಯ. ಬೈಕಿನ ಹ್ಯಾಂಡಲಿಗೆ ವೈರಿನ ಚೀಲ, ಅದರೊಳಗೆ ಊಟದ ಕ್ಯಾರಿಯರು. ಇಷ್ಟು ಸಣ್ಣ ದೇಹದಲ್ಲಿ ಅಷ್ಟು ದಪ್ಪ ದನಿ ಎಲ್ಲಿ ಇಟ್ಟುಕೊಂಡಿದ್ದಾರೋ! ಮೊದಲ ಮನೆಯ ಜಗಲಿಯ ಮೇಲೆ ಒಂದು ಕೂಸು ಮಲಗಿದ್ದುದನ್ನು ಕಂಡು ಅವರು ಇಂಜಿನ್ ಆರಿಸಿ, ಬೈಕನ್ನು ತಳ್ಳಿಕೊಂಡು ಬಂದರು. ನಾನು ಅದನ್ನು ಗಮನಿಸಿದೆ. ಶ್ರೀಲತಾ ಗಮನಿಸಲಿಲ್ಲ. ಅವಳ ಮುಖ ಅಷ್ಟು ಹೊತ್ತಿಗೆ ಗೋಡೆಯಷ್ಟೇ ಬೆಳ್ಳಗಾಗಿತ್ತು.

"ಏಮ್ಮಾ ಶ್ರೀಲತಾ" ಎಂದರು ಅವರು. ಸಾಲಾಗಿ ಮೊರ ಹಿಡಿದು ನಿಂತಿದ್ದ ಹೆಂಗಸರನ್ನು ನೋಡಿದರು. "ಏನಿದು? ನಂಬರ್ ಎಲ್ಲಿ?"

ಅವಳು ಬಾಯಿ ತೆರೆಯುವ ಮೊದಲೇ ನಾರಮ್ಮ ಮುಂದೆ ಬಂದಳು. "ಮಳೆ ಬಂತು ಸಾರ್! ನಿನ್ನೆ ಸಂಜೆ. ಎಲ್ಲಾ ತೊಳಕೊಂಡೋಯ್ತು."

ಜಯಚಂದ್ರ ತಲೆಯೆತ್ತಿ ಆಕಾಶ ನೋಡಿದರು. ಅಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. ಕಾಲಕೆಳಗೆ ದೂಳು.

"ಮಳೆ ಅಲ್ಲ ಸಾರ್" ಎಂದು ಓಬುಳಪತಿ ಹೆಂಡತಿಯ ನೆರವಿಗೆ ಧಾವಿಸಿದ. "ಕುರಿ. ಕುರಿ ನೆಕ್ಕಿಬುಟ್ಟವೆ. ಅವಕ್ಕೆ ಈ ಜಾಜು ಅಂದ್ರೆ ಬೆಲ್ಲ ಇದ್ದಂಗೆ."

"ಕುರಿ ಸುಣ್ಣಾನೂ ಬಳಿದ್ವಾ?" ಎಂದರು ಜಯಚಂದ್ರ.

ಓಬುಳಪತಿ ಸ್ವಲ್ಪ ಯೋಚಿಸಿದ. "ಇಲ್ಲ ಸಾರ್, ಅದು ನಾವು."

ಯಾರೋ ಕಿಸಕ್ಕೆಂದರು. ಶ್ರೀಲತಾ ಮುಂದೆ ಬಂದಳು. "ಇವರದೇನೂ ತಪ್ಪಿಲ್ಲ ಸಾರ್. ಸಾರ್ ಗೋಡೆ ನೋಡೋಕೆ ಬರ್ತಾರೆ ಅಂತ ನಾನು ಹೇಳಿದ್ದೆ. ನಂಬರ್ ಅಳಿಸಬೇಡಿ ಅಂತ ಹೇಳ್ಲಿಲ್ಲ. ನಿಮಗೆ ಮರ್ಯಾದೆ ಆಗ್ಲಿ ಅಂತ ಇಷ್ಟು ಜನ ಕೆಲಸ ಬಿಟ್ಟು ಸುಣ್ಣ ಹೊಡೆದಿದ್ದಾರೆ. ಬರೆಯೋದು ಇನ್ನರ್ಧ ಇದೆ."

ಜಯಚಂದ್ರ "ಸರಿ, ಬರೀತಾ ಇರಮ್ಮ" ಎಂದಷ್ಟೇ ಹೇಳಿ ನಡೆಯತೊಡಗಿದರು. ಶ್ರೀಲತಾ ಕುಂಚ ಎತ್ತಿಕೊಂಡು ಆ ಕಡೆಯ ಸಾಲಿಗೆ ಹೋದಳು. ನಾನು, ವಯಸ್ಸಾದವಳು ಎಂಬ ಧೈರ್ಯದ ಮೇಲೆ, ಕೊಡೆ ಬಿಚ್ಚಿಕೊಂಡು ಅವರ ಹಿಂದೆ ಹೋದೆ.

ಅವರು ನೇರವಾಗಿ ತಿಪ್ಪೆಯ ಪಕ್ಕದ ಬೋಳು ಗುಡಿಸಲಿಗೇ ಹೋದರು. ಸಣ್ಣೀರಮ್ಮ ಬಾಗಿಲಲ್ಲಿ ಕೂತಿದ್ದಳು. ಮೊರ ಬೀಸುವ ಶಕ್ತಿಯಿಲ್ಲದೆ ಸೆರಗಿನ ತುದಿಯಿಂದ ಗೋಡೆಗೆ ಗಾಳಿ ಹಾಕುತ್ತಿದ್ದಳು. ಹೊಸಲಿನ ಮುಂದೆ ಒಂದು ಪುಟ್ಟ ರಂಗೋಲಿ ಇತ್ತು. ಜಯಚಂದ್ರ ಅದನ್ನು ತುಳಿಯದಂತೆ ಪಕ್ಕಕ್ಕೆ ಕುಕ್ಕರುಗಾಲಿನಲ್ಲಿ ಕೂತರು.

"ಅವ್ವಾ, ಈ ಹುಡುಗಿ ನಿಮ್ಮನೇಗೆ ಬಂದಿತ್ತಾ?"

"ಬಂದಿತ್ತು ಕಣಪ್ಪ. ಎಷ್ಟೊತ್ತು ಕೂತಿತ್ತು! ನೀರು ಎಲ್ಲಿಂದ ತತ್ತೀಯ ಅಂತು. ದೀಪ ಐತಾ ಅಂತು. ಯಾವ ಧಾನ್ಯ ತಿಂತೀಯ ಅಂತ ಕೇಳ್ತು." ಸಣ್ಣೀರಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ನಾನು ಮದುವೆ ಆಗಿ ಈ ಹಟ್ಟಿಗೆ ಬಂದು ಒಂದು ಆಯುಸ್ಸು ಕಳೀತು. ನೀನು ಏನು ತಿಂತೀಯ ಅಂತ ನನ್ನ ಗಂಡನೂ ಕೇಳಿರ್ಲಿಲ್ಲ."

"ನಿಮ್ಮನೆ ನಂಬರ್ ಗೊತ್ತಾ ಅವ್ವಾ?"

"ಒಂದು!" ಎಂದಳು ಮುದುಕಿ. ಅಷ್ಟು ಗಟ್ಟಿಯಾದ ದನಿ ಅವಳಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. "ಒಂದನೇ ಮನೆ ನಂದು. ಆ ಮೇಡಮ್ಮೇ ಕೊಟ್ಟಿದ್ದು. ಆ ಓಬುಳಪತಿ ಕದ್ಕಂಡವ್ನೆ! ನಾನು ಇಲ್ಲಿಂದ ನೋಡ್ತಾನೇ ಇದ್ದೀನಿ. ಹೋಗಿ ಇಸ್ಕೊಡಪ್ಪ, ನಿಂಗೆ ಪುಣ್ಯ ಬತ್ತದೆ."

"ಏ ಸಣ್ಣೀರಮ್ಮ, ಯಾರೇ ಕದ್ದಿದ್ದು?" ದೂರದಿಂದ ಓಬುಳಪತಿ ಕೂಗಿದ. "ಬರೀವಾಗ ಕೈ ಜಾರ್ತು!"

"ಜಾರ್ದ ಕೈ ಅಷ್ಟು ದಪ್ಪಗೆ ಬರೀತದೇನ್ಲಾ?"

ಈ ಮಾತು ಕಿಡಿ ಹಾರಿಸಿತು. ಆ ಸಾಲಿನಿಂದ ಒಬ್ಬಳು, ತನ್ನ ನಂಬರನ್ನು ಪಕ್ಕದವಳು ತನಗಿಂತ ಮೊದಲು ಬರೆಸಿಕೊಂಡಳು ಎಂದಳು. ಇನ್ನೊಬ್ಬ, ತನ್ನದು ಹನ್ನೊಂದು, ಅದಕ್ಕೆ ಬಳ್ಳಿ ಯಾಕೆ ಬರೆದಿಲ್ಲ ಎಂದ. ನಾರಮ್ಮ ಗಂಡನನ್ನು ಎಲ್ಲರ ಮುಂದೆ ಬೈದು, ಸುಣ್ಣದ ಬಟ್ಟೆ ತಂದು ಅವನ ಒಂದನ್ನು ಒರೆಸಿ ಹಾಕಿದಳು. ಜಯಚಂದ್ರ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳುತ್ತ ಕೂತಿದ್ದರು. ನಡುನಡುವೆ ಫೋನಿನಲ್ಲಿದ್ದ ಮನೆಗಳ ಪಟ್ಟಿ ನೋಡಿ ತಲೆಯಾಡಿಸುತ್ತಿದ್ದರು. ಯಾರೊಬ್ಬರೂ ತಮ್ಮ ನಂಬರನ್ನು ತಪ್ಪು ಹೇಳಲಿಲ್ಲ, ಓಬುಳಪತಿಯೊಬ್ಬನನ್ನು ಬಿಟ್ಟು.

"ಅಮ್ಮಾ" ಎಂದರು ನನ್ನ ಕಡೆ ತಿರುಗಿ. "ಸರ್ವೀಸಿಗೆ ಸೇರಿದಾಗಿನಿಂದ ಇಂಥ ಕೆಲಸ ಮಾಡ್ತಾ ಇದ್ದೀನಿ. ನಂಬರ್ ಬರೀಬೇಡಿ ಅಂತ ಜಗಳ ಆಡಿದ ಊರು ಬೇಕಾದಷ್ಟು ನೋಡಿದ್ದೀನಿ. ನಂಬರ್ ನಂದು ಅಂತ ಜಗಳ ಆಡೋ ಊರು ಇದೇ ಮೊದಲು." ಆಮೇಲೆ ಸಹಜವಾಗಿ ಕೇಳಿದರು. "ನಿಮ್ಮದು ಊಟ ಆಯ್ತಾ?"

"ನನ್ನದು ಬಿಡಿ, ನಾನು ಬೆಳಿಗ್ಗೆ ಗಟ್ಟಿಯಾಗಿ ತಿಂದು ಬಂದಿದ್ದೀನಿ" ಎಂದೆ. "ಹುಡುಗಿ ಭಯಕ್ಕೆ ಬೆಳಿಗ್ಗೆ ಇಡ್ಲೀನೂ ಮುಟ್ಟಲಿಲ್ಲ. ಡಬ್ಬಿ ಆಟೋದಲ್ಲಿ ಹೋಯ್ತು, ಆಟೋ ಪಂಕ್ಚರ್ ಆಗಿ ಕಂಬದೂರಲ್ಲಿದೆ. ಹಟ್ಟೀಲಿ ಕರೆದರೆ ಒಂದು ತುತ್ತೂ ತಿನ್ನಲ್ಲ. ನೀವು ಫೋನಲ್ಲಿ ಬೇಡ ಅಂದಿದ್ದೀರಲ್ಲ."

ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು. "ಹೌದು, ಅಂದಿದ್ದೆ" ಎಂದರು, ಯಾರೋ ಬೇರೆಯವರ ಮಾತು ನೆನಪಿಸಿಕೊಂಡಂತೆ.

ಕೊನೆಯ ಮನೆಗೆ ನಂಬರು ಬರೆದು ಮುಗಿಸಿ ಶ್ರೀಲತಾ ನಮ್ಮ ಕಡೆ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಅಂಗೈ ತುಂಬ ಜಾಜು, ಕೆನ್ನೆಯ ಮೇಲೆ ಜಾಜು, ಚೂಡಿದಾರದ ತೋಳಿಗೆ ಸುಣ್ಣ. ಆ ಕಡೆಯ ಸಾಲಿನಲ್ಲಿದ್ದ ಅವಳಿಗೆ ಸೂಪರ್‌ವೈಸರ್ ನನ್ನ ಹತ್ತಿರ ಆಡಿದ ಮಾತು ಯಾವುದೂ ಕೇಳಿರಲಿಲ್ಲ. ಜಯಚಂದ್ರ ಬೈಕಿನ ಹತ್ತಿರ ನಿಂತಿದ್ದುದನ್ನು ಕಂಡು, ಹೊರಡುತ್ತಿದ್ದಾರೆ ಎಂದುಕೊಂಡಳು. ನೇರ ಅವರ ಮುಂದೆ ಹೋಗಿ ನಿಂತು, ಎಡಗೈಯಲ್ಲಿ ನೀಲಿ ದಾರವನ್ನು ಕತ್ತಿನಿಂದ ತೆಗೆದಳು. ಜಡೆಗೆ ಸಿಕ್ಕಿಕೊಂಡ ದಾರವನ್ನು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚೀಟಿಯನ್ನು ಅಂಗೈಯ ಮೇಲಿಟ್ಟು ಅವರ ಮುಂದೆ ಚಾಚಿದಳು. 

ನಾರಮ್ಮ ತನ್ನ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು. ಒಳಗಿನಿಂದ ಹುರುಳಿ ಸಾರಿನ ಘಮ ಬರುತ್ತಿತ್ತು. ಯಾರಿಗಾಗಿ ಗೋಡೆಗೆ ಸುಣ್ಣ ಬಳಿದಿದ್ದಳೋ ಅವರಿಗಾಗಿಯೇ ಅಡುಗೆಯೂ ಆಗಿತ್ತು. ಆದರೆ ಕರೆಯಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಮೊರಗಳೆಲ್ಲ ನಿಂತಿದ್ದವು.

ಜಯಚಂದ್ರ ಚೀಟಿಯನ್ನು ನೋಡಿದರು. ಅದರ ಮೇಲೆ ಬಿದ್ದಿದ್ದ ಒಂದು ಕೆಂಪು ಬೆರಳಚ್ಚನ್ನು ತಮ್ಮ ಟವೆಲಿನ ತುದಿಯಿಂದ ಒರೆಸಿ, ದಾರ ಹಿಡಿದು ಎತ್ತಿ, ಅದನ್ನು ಅವಳ ತಲೆಯ ಮೇಲಿಂದ ಮತ್ತೆ ಕೊರಳಿಗೆ ಇಳಿಬಿಟ್ಟರು. ಅವಳ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಅವರು ಬೈಕಿನ ಹ್ಯಾಂಡಲಿನಿಂದ ವೈರಿನ ಚೀಲ ಬಿಡಿಸಿ, ಕ್ಯಾರಿಯರಿನ ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆ ಅಮುಕಿ ನೋಡಿ, ಚೀಲವನ್ನು ಆ ಕೆಂಪು ಅಂಗೈಯಲ್ಲಿ ಇಟ್ಟರು. ಆಮೇಲೆ ನಾರಮ್ಮನ ಹೊಸಲಿನ ಮುಂದೆ ಹೋಗಿ, ಚಪ್ಪಲಿ ಬಿಟ್ಟು, ಕೈ ತೊಳೆಯಲು ಅವಳ ಚೊಂಬಿಗೆ ಕೈಯೊಡ್ಡಿದರು.